ಬರ್ಗ್‌ಮನ್ ಅಂದ್ರೆ ಬರೀ ಚೆಲುವಲ್ಲ

ಮಾನ್ಯರೇ,

ನಟಿ ಇಂಗ್ರಿಡ್ ಬರ್ಗ್‌ಮನ್ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ 'ಕಾಸಾಬ್ಲಾಂಕಾ' ಸಿನಿಮಾದ ಚೆಲುವಿನಲ್ಲೇ ಮುಗಿದುಹೋಯಿತು. ಬೇಜಾರಾಯಿತು. ಸ್ವೀಡನ್ನಿನಿಂದ ಹಾಲಿವುಡ್‌ಗೆ ಹೋದಾಗ ಹೆಸರು ಬದಲಿಸಲು, ಹುಬ್ಬು ತಿದ್ದಿಸಿಕೊಳ್ಳಲು ಒಪ್ಪದ ಹೆಣ್ಣುಮಗಳು ಆಕೆ. ಆ ಸಹಜ ಮುಖವನ್ನೇ ಜನ ದೇವತೆ ಮಾಡಿದರು. 1950ರಲ್ಲಿ, ಗಂಡನ ವಿಚ್ಛೇದನಕ್ಕೆ ಮೊದಲೇ ಇಟಲಿಯ ನಿರ್ದೇಶಕ ರೊಸೆಲಿನಿಯ ಮಗುವಿಗೆ ತಾಯಿಯಾದಾಗ ಅದೇ ಜನ ಉಗಿದರು. ಅಮೆರಿಕದ ಸೆನೆಟ್‌ನಲ್ಲೂ ಬೈಗುಳ! ಆಕೆ ಸಿನಿಮಾದಲ್ಲಿ ಸನ್ಯಾಸಿನಿಯಾಗಿದ್ದು ಬರೀ ನಟನೆ ಅಲ್ವಾ, ನಿಜ ಬದುಕೂ ಹಾಗೇ ಇರಬೇಕಾ?

ನಾನು 30 ವರ್ಷ ಸಂಗೀತ ಪಾಠ ಹೇಳಿದವಳು. ಆಕೆಯ 1978ರ ಸಿನಿಮಾ 'ಆಟಮ್ ಸೊನಾಟಾ' ನನಗೆ ಅದಕ್ಕೇ ಜಾಸ್ತಿ ಇಷ್ಟ. ಅದರಲ್ಲಿ ಮಗಳು ಪಿಯಾನೋದಲ್ಲಿ ಸಂಗೀತ ರಚನೆಕಾರ ಶೋಪಾನ್‌ನ ಒಂದು ಪುಟ್ಟ ಕೃತಿ ನುಡಿಸುತ್ತಾಳೆ. ಕೇಳುತ್ತ ಕೂತ ತಾಯಿ ಹೆಸರಾಂತ ಪಿಯಾನೋ ಕಲಾವಿದೆ; ಆ ಪಾತ್ರ ಬರ್ಗ್‌ಮನ್‌ದು. ಬರ್ಗ್‌ಮನ್ ಏನೂ ಮಾತಾಡುವುದಿಲ್ಲ. ಕಣ್ಣಲ್ಲೇ ಕನಿಕರ, ಸಂಕಟ, ಸ್ವಲ್ಪ ಅಸಹನೆ. ಶಿಷ್ಯೆಯರು ಸ್ವರ ತಪ್ಪಿದಾಗ ನನ್ನ ಮುಖವೂ ಹೀಗೇ ಆಗುತ್ತಿತ್ತೇನೋ, ಪಾಪ! ಆಕೆ ಅಲ್ಲಿ ಆಡುವುದು ತಾಯ್ನಾಡಿನ ಸ್ವೀಡಿಷ್ ಭಾಷೆ. ಬರ್ಗ್‌ಮನ್‌ಗೆ ಆಗಲೇ ಕ್ಯಾನ್ಸರ್ ಇತ್ತು.

ಆ ಮುಖದ ಒಂದು ಫೋಟೊ ಆದರೂ ಹಾಕಬಹುದಿತ್ತು.

– ನಿವೃತ್ತ ಸಂಗೀತ ಶಿಕ್ಷಕಿ, ಧಾರವಾಡ