ಫ್ಯಾಕ್ಟರಿ ಓವರ್‌ಕ್ಲಾಕ್ ಕಾರ್ಡ್ ಮಾಮೂಲಿ ಕಾರ್ಡ್‌ಗಿಂತ ನಿಧಾನ, ಬದಲಿಸಿಕೊಡಿ

ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ
4 ಮಾರ್ಚ್ 2024

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಗ್ರಾಫಿಕ್ಸ್ ಕಾರ್ಡ್ ತಯಾರಿಕಾ ಕಂಪನಿ, ಬೆಂಗಳೂರು

ವಿಷಯ: ಕೂಲರ್ ಸರಿಯಾಗಿ ಕೂರದ ಆರ್‌ಟಿಎಕ್ಸ್ 4070 ಓವರ್‌ಕ್ಲಾಕ್ ಕಾರ್ಡ್ ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ನಿಮ್ಮ ಮೂರು ಫ್ಯಾನಿನ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಕೊಂಡೆ. 63,500 ರೂಪಾಯಿ ಆಯಿತು. ಅದೇ ಚಿಪ್ ಇರುವ ನಿಮ್ಮದೇ ಎರಡು ಫ್ಯಾನಿನ ಮಾಮೂಲಿ ಕಾರ್ಡ್ ಅಲ್ಲೇ 57,000ಕ್ಕೆ ಇತ್ತು. ಕಾರ್ಖಾನೆಯಲ್ಲೇ ವೇಗ ಏರಿಸಿದ್ದಾರೆ (ಓವರ್‌ಕ್ಲಾಕ್ ಅಂದರೆ ಅದೇ), ಬಿಸಿ ಇಳಿಸುವ ಕೂಲರ್ ಕೂಡ ಬೇರೆಯೇ ಮಾಡಿದ್ದಾರೆ ಅಂತ 6,500 ಜಾಸ್ತಿ ಕೊಟ್ಟೆ. ಈಗ ನನ್ನ ಕಾರ್ಡ್ ಆ ಮಾಮೂಲಿ ಕಾರ್ಡಿಗಿಂತ ನಿಧಾನ ಓಡುತ್ತಿದೆ. ನಿಮ್ಮ ಸರ್ವಿಸ್ ಸೆಂಟರ್ ಅದನ್ನು ನೋಡಿ, ದೋಷವಿಲ್ಲ ಅಂತ ಬರೆದು ವಾಪಸ್ ಕಳಿಸಿದೆ. ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಬೇಕು. ಮನೆ ಕಟ್ಟಿಸುವವರಿಗೆ 3ಡಿ ಚಿತ್ರ ಮತ್ತು ವಿಡಿಯೊ ಮಾಡಿಕೊಡುತ್ತೇನೆ. ನಮ್ಮ ಕಡೆ ಈಗ ಮತ್ತೆ ತೊಟ್ಟಿ ಮನೆ, ಹಂಚಿನ ಮಾಡು, ಮರದ ಕಂಬದ ಜಗುಲಿ ಕೇಳುವವರು ಜಾಸ್ತಿ ಆಗಿದ್ದಾರೆ. ಬೆಳಗಿನ ಬಿಸಿಲು ತೊಟ್ಟಿಯೊಳಗೆ ಹೇಗೆ ಬೀಳುತ್ತದೆ ಅಂತ ಕಟ್ಟುವ ಮೊದಲೇ ನೋಡಬೇಕು ಅನ್ನುತ್ತಾರೆ. ಅದನ್ನು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುತ್ತೇನೆ, ಅಂದರೆ 3ಡಿ ಮಾದರಿಯಿಂದ ಚಿತ್ರ ತೆಗೆಯುತ್ತೇನೆ. ಸಂಜೆ ಶುರು ಮಾಡಿದರೆ ಬೆಳಗಿನವರೆಗೆ ಕಾರ್ಡ್ ಪೂರ್ತಿ ಹೊರೆ ಹೊತ್ತು ಓಡುತ್ತದೆ. ಗೇಮ್ ಆಡುವವರ ಕಾರ್ಡಿಗೆ ನಡುನಡುವೆ ಬಿಡುವು ಸಿಗುತ್ತದೆ. ನನ್ನದಕ್ಕೆ ಸಿಗುವುದಿಲ್ಲ. ಹಾಗಾಗಿ ಐದು ನಿಮಿಷದಲ್ಲಿ ಕಾರ್ಡ್ ಹೇಗಿರುತ್ತದೆ ಅನ್ನುವುದರಿಂದ ನನಗೆ ಉಪಯೋಗವಿಲ್ಲ. ಐದು ಗಂಟೆಯ ನಂತರ ಹೇಗಿರುತ್ತದೆ ಅನ್ನುವುದೇ ಮುಖ್ಯ.

ಈ ಚಿಪ್ ರೂಪಿಸಿದ ಎನ್‌ವಿಡಿಯಾ ಕಂಪನಿ ಅದಕ್ಕೆ ಇಟ್ಟಿರುವ ಬೂಸ್ಟ್ ವೇಗ, ಅಂದರೆ ಹೊರೆ ಬಿದ್ದಾಗ ಏರುವ ವೇಗ, 2,475 ಮೆಗಾಹರ್ಟ್ಸ್. ನಿಮ್ಮ ಪೆಟ್ಟಿಗೆಯ ಮೇಲೆ 2,550 ಅಂತ ಇದೆ. 75 ಮೆಗಾಹರ್ಟ್ಸ್ ಜಾಸ್ತಿ, ಅಂದರೆ ಶೇಕಡಾ 3. ಇದು ಸಣ್ಣ ಏರಿಕೆ ಅಂತ ಗೊತ್ತಿದ್ದೇ ಕೊಂಡೆ. ನನಗೆ ಬೇಕಾಗಿದ್ದದ್ದು ಕೂಲರ್. ಈ ಚಿಪ್‌ಗಳು ತಂಪಾಗಿದ್ದು, ವಿದ್ಯುತ್ ಮಿತಿಯಲ್ಲಿ ಜಾಗ ಇದ್ದರೆ, ಪೆಟ್ಟಿಗೆಯ ಮೇಲಿನ ಅಂಕಿಯನ್ನೂ ದಾಟಿ ತಾವೇ ವೇಗ ಏರಿಸಿಕೊಳ್ಳುತ್ತವೆ. ಕಾದರೆ ತಾವೇ ಇಳಿಸಿಕೊಳ್ಳುತ್ತವೆ. ರಾತ್ರಿಯಿಡೀ ರೆಂಡರ್ ಮಾಡುವವನಿಗೆ ಒಳ್ಳೆಯ ಕೂಲರ್ ಇದ್ದರೆ ಮಾತ್ರ ವೇಗ ಸಿಗುತ್ತದೆ.

ಡಿಸೆಂಬರ್‌ನಲ್ಲಿ ರೆಂಡರ್ ತಡವಾಗುತ್ತಿದೆ ಅನ್ನಿಸಿ ಅಳೆದು ನೋಡಿದೆ. ಕೋಣೆಯ ಉಷ್ಣತೆ 22 ಡಿಗ್ರಿ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟಿದ್ದೆ. ಕಾರ್ಡಿನ ಬಿಸಿ, ವೇಗ ತೋರಿಸುವ ಜಿಪಿಯು-ಝಡ್ ತಂತ್ರಾಂಶದಲ್ಲಿ ಪ್ರತಿ ಸೆಕೆಂಡಿನ ಲೆಕ್ಕ ಬರೆಸಿದೆ. ಮೊದಲ ಐದು ನಿಮಿಷ ಎಲ್ಲ ಚೆನ್ನಾಗಿತ್ತು. ಇಪ್ಪತ್ತು ನಿಮಿಷ ಆಗುವ ಹೊತ್ತಿಗೆ ಚಿಪ್‌ನ ಉಷ್ಣತೆ 81 ಡಿಗ್ರಿ, ಹಾಟ್‌ಸ್ಪಾಟ್ 106 ಡಿಗ್ರಿ. ಮೂರೂ ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುತ್ತಿದ್ದವು. ಚಿಪ್‌ನ ವೇಗ 2,180ಕ್ಕೆ ಇಳಿದಿತ್ತು. ಇದು ನಿಮ್ಮ ಪೆಟ್ಟಿಗೆಯ ಅಂಕಿಗಂತೂ ಎಲ್ಲೂ ಹತ್ತಿರವಿಲ್ಲ. ಎನ್‌ವಿಡಿಯಾದ ಮಾಮೂಲಿ ಅಂಕಿಗಿಂತಲೂ 295 ಕಡಿಮೆ.

ದಯವಿಟ್ಟು 81 ಮತ್ತು 106ರ ನಡುವಿನ ಅಂತರ ನೋಡಿ. ಚಿಪ್‌ನ ಒಳಗೆ ಬೇರೆ ಬೇರೆ ಕಡೆ ಸೆನ್ಸರ್‌ಗಳಿರುತ್ತವೆ. ಅವುಗಳಲ್ಲಿ ಅತಿ ಬಿಸಿ ಇರುವ ಜಾಗವೇ ಹಾಟ್‌ಸ್ಪಾಟ್. ಕೂಲರ್ ಸಮನಾಗಿ ಕೂತಿದ್ದರೆ ಈ ಅಂತರ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಇರುತ್ತದೆ. 25 ಅಂದರೆ ಚಿಪ್‌ನ ಯಾವುದೋ ಒಂದು ಕಡೆ ಕೂಲರಿನ ತಳ ಸರಿಯಾಗಿ ಮುಟ್ಟುತ್ತಿಲ್ಲ, ಇಲ್ಲವೇ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಸಮನಾಗಿ ಹರಡಿಲ್ಲ. ಮೂರಲ್ಲ, ಆರು ಫ್ಯಾನ್ ಹಾಕಿದರೂ ಇದು ಸರಿಹೋಗುವುದಿಲ್ಲ. ಬಿಸಿ ಮೊದಲು ಚಿಪ್‌ನಿಂದ ಹೀಟ್‌ಸಿಂಕ್‌ಗೆ, ಅಂದರೆ ಕೂಲರಿನ ಲೋಹದ ಭಾಗಕ್ಕೆ, ಹತ್ತಬೇಕಲ್ವಾ?

ತಪ್ಪು ನನ್ನ ಕಡೆ ಇರಬಹುದು ಅಂತಲೂ ಪರೀಕ್ಷೆ ಮಾಡಿದೆ. ಶಿವಮೊಗ್ಗದ ವಿನೋಬನಗರದಲ್ಲಿರುವ ಗೆಳೆಯನ ಹತ್ತಿರ ನಿಮ್ಮ ಎರಡು ಫ್ಯಾನಿನ ಮಾಮೂಲಿ 4070 ಇದೆ. ಒಂದು ಭಾನುವಾರ ಅವನ ಕಾರ್ಡ್ ತಂದು ನನ್ನ ಕ್ಯಾಬಿನೆಟ್ಟಿಗೆ ಹಾಕಿದೆ. ಅದೇ 650 ವ್ಯಾಟ್ ಪವರ್ ಸಪ್ಲೈ, ಅದೇ ಕೋಣೆ, ಅದೇ ತೊಟ್ಟಿ ಮನೆಯ ದೃಶ್ಯ. ಒಂದು ಗಂಟೆ ಓಡಿದ ಮೇಲೂ ಅದು 68 ಡಿಗ್ರಿ, ಹಾಟ್‌ಸ್ಪಾಟ್ 81, ವೇಗ 2,620. ಅವನ ಕಾರ್ಡ್ ಒಂದು ಫ್ರೇಮ್ (ವಿಡಿಯೊದ ಒಂದು ಚಿತ್ರ) ಮುಗಿಸಲು 70 ಸೆಕೆಂಡ್ ತೆಗೆದುಕೊಂಡರೆ ನನ್ನದು 84 ಸೆಕೆಂಡ್. 20 ಸೆಕೆಂಡಿನ ಒಂದು ವಿಡಿಯೊಗೆ 500 ಫ್ರೇಮ್ ಬೇಕು. ಅವನ ಕಾರ್ಡಿಗೆ ಸುಮಾರು ಒಂಬತ್ತೂ ಮುಕ್ಕಾಲು ಗಂಟೆಯ ಕೆಲಸ, ನನ್ನದಕ್ಕೆ ಸುಮಾರು ಹನ್ನೊಂದೂ ಮುಕ್ಕಾಲು. ಆಮೇಲೆ ನನ್ನ ಕಾರ್ಡನ್ನು ಅವನ ಮನೆಗೆ ಒಯ್ದು ಅವನ ಕಂಪ್ಯೂಟರಿಗೆ ಹಾಕಿದೆವು. ಅಲ್ಲೂ 25 ಡಿಗ್ರಿ ಅಂತರ ಹಾಗೇ ಇತ್ತು.

ಇನ್ನೊಂದು ವಿಷಯ ನಿಮ್ಮ ಎಂಜಿನಿಯರ್‌ಗಳಿಗೆ ಉಪಯೋಗ ಆಗಬಹುದು. ಕ್ಯಾಬಿನೆಟ್ ನೆಟ್ಟಗೆ ನಿಲ್ಲಿಸಿದಾಗ ಕಾರ್ಡ್ ಅಡ್ಡಲಾಗಿ ಇರುತ್ತದೆ, ಹೀಟ್‌ಸಿಂಕಿನ ಭಾರ ಕೆಳಕ್ಕೆ ಜಗ್ಗುತ್ತದೆ. ಕ್ಯಾಬಿನೆಟ್ ಮಲಗಿಸಿ ಅದೇ ರೆಂಡರ್ ಓಡಿಸಿದಾಗ ಹಾಟ್‌ಸ್ಪಾಟ್ 97ಕ್ಕೆ ಇಳಿಯಿತು. ಮಲಗಿಸಿದರೆ ಒಂಬತ್ತು ಡಿಗ್ರಿ ಕಡಿಮೆ ಆಗುತ್ತದೆ ಅಂದರೆ ಕೂಲರ್ ಬಿಗಿಯಾಗಿ ಕೂತಿಲ್ಲ ಅನ್ನುವ ಅನುಮಾನ ನನಗೆ ಗಟ್ಟಿಯಾಯಿತು. ಕಾರ್ಡಿನ ಮೇಲಿರುವ, ಅದರ ಒಳಗಿನ ಹೊಂದಾಣಿಕೆ ಬದಲಿಸುವ ಬಯೋಸ್ ಸ್ವಿಚ್ಚನ್ನು ಎರಡೂ ಕಡೆ ಹಾಕಿ ನೋಡಿದೆ, ಪ್ರಯೋಜನ ಆಗಲಿಲ್ಲ.

ಜನವರಿಯಲ್ಲಿ ಕಾರ್ಡನ್ನು ಬೆಂಗಳೂರಿಗೆ ಕೊರಿಯರ್ ಮಾಡಿದೆ. 19 ದಿನಕ್ಕೆ ವಾಪಸ್ ಬಂತು. ಜೊತೆಗಿದ್ದ ಚೀಟಿಯಲ್ಲಿ, ದೋಷ ಕಂಡಿಲ್ಲ, ಬೋರ್ಡ್ ಸ್ವಚ್ಛವಾಗಿದೆ, ಗ್ರಾಹಕರ ಪ್ರದೇಶದಲ್ಲಿ ತೇವಾಂಶ ಜಾಸ್ತಿ ಇರುವುದರಿಂದ ಗಾಳಿಯಾಡುವ ಜಾಗದಲ್ಲಿ ಬಳಸಬೇಕು ಅಂತ ಬರೆದಿತ್ತು. ಫೋನ್ ಮಾಡಿ ಕೇಳಿದೆ. ಟೇಬಲ್ ಮೇಲೆ ಮದರ್‌ಬೋರ್ಡ್ ಮಲಗಿಸಿ, ಕಾರ್ಡ್ ನಿಲ್ಲಿಸಿ ಐದು ನಿಮಿಷ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿದೆವು, 74 ಡಿಗ್ರಿ ಬಂತು ಅಂದರು. ಹಾಟ್‌ಸ್ಪಾಟ್ ಎಷ್ಟಿತ್ತು ಅಂದರೆ, ಬರೆದುಕೊಂಡಿಲ್ಲ ಅಂದರು. ಅಂದರೆ ತೊಂದರೆ ಕಾಣದ ಸ್ಥಿತಿಯಲ್ಲಿ, ತೊಂದರೆ ಶುರುವಾಗುವ ಮೊದಲೇ ಪರೀಕ್ಷೆ ನಿಲ್ಲಿಸಿದ್ದಾರೆ. ಫೋನಿನಲ್ಲಿ ಮಾತಾಡಿದ ಹುಡುಗ ಸೌಜನ್ಯದಿಂದಲೇ ಮಾತಾಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷೆಯ ಕ್ರಮ ಕೊಟ್ಟವರು ನೀವು.

ತೇವಾಂಶದ ಮಾತು ನನಗೆ ನಿಜವಾಗಿ ನೋವು ತಂದಿತು. ಆಗುಂಬೆ ಇರುವ ತಾಲ್ಲೂಕು ನಮ್ಮದು. ಮಳೆ ಅಂದರೆ ಏನು ಅಂತ ನಮಗೆ ಗೊತ್ತು. ಆದರೆ ಆ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಾನು ಕಾರ್ಡ್ ಕೊಂಡಿದ್ದು ನವೆಂಬರ್‌ನಲ್ಲಿ, ಕಳಿಸಿದ್ದು ಜನವರಿಯಲ್ಲಿ. ಅದು ಇಲ್ಲಿ ಅಡಿಕೆ ಬೇಯಿಸಿ ಅಂಗಳದಲ್ಲಿ ಒಣಗಿಸುವ ಕಾಲ. ನಿಮ್ಮ ಕಾರ್ಡ್ ಇನ್ನೂ ನಮ್ಮೂರಿನ ಒಂದು ಮಳೆಗಾಲವನ್ನೂ ನೋಡಿಲ್ಲ. ತೇವಾಂಶದಿಂದ ಹಾಳಾಗಿದ್ದರೆ ಬೋರ್ಡ್ ಮೇಲೆ ತುಕ್ಕೋ ಕಲೆಯೋ ಇರಬೇಕಿತ್ತು. ಸ್ವಚ್ಛವಾಗಿದೆ ಅಂತ ನೀವೇ ಬರೆದಿದ್ದೀರಿ. ಶಿವಮೊಗ್ಗ, ಸಾಗರ, ಹೊಸನಗರ, ಕೊಪ್ಪದಲ್ಲೆಲ್ಲ ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರು ಇದ್ದಾರೆ. ನಾಳೆ ಅವರಿಗೂ ಊರಿನ ಹೆಸರು ನೋಡಿ ಇದೇ ಚೀಟಿ ಬರೆಯಬೇಡಿ.

ಕೂಲರಿನಲ್ಲಿ ದೋಷ ಬರುವುದು ದೊಡ್ಡ ಅವಮಾನ ಅಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ ಎಎಂಡಿ ಕಂಪನಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ರೆಫರೆನ್ಸ್ ಕಾರ್ಡ್‌ಗಳಲ್ಲಿ (ಎಎಂಡಿಯೇ ವಿನ್ಯಾಸ ಮಾಡಿದ ಕಾರ್ಡ್‌ಗಳು) ಕೆಲವು 110 ಡಿಗ್ರಿ ಹಾಟ್‌ಸ್ಪಾಟ್ ಮುಟ್ಟುತ್ತಿದ್ದವು. ಕಾರ್ಡ್ ಇಟ್ಟ ದಿಕ್ಕು ಬದಲಿಸಿದರೆ ಬಿಸಿಯೂ ಬದಲಾಗುತ್ತಿತ್ತು. ಕೂಲರಿನ ವೇಪರ್ ಚೇಂಬರ್‌ನಲ್ಲಿ, ಅಂದರೆ ಆವಿಯಿಂದ ಬಿಸಿ ಹರಡುವ ಭಾಗದಲ್ಲಿ, ತೊಂದರೆ ಇದೆ ಅಂತ ಎಎಂಡಿ ಒಪ್ಪಿಕೊಂಡಿತು, ಅಂಥ ಕಾರ್ಡ್ ಬದಲಿಸಿಕೊಡಲು ಮುಂದಾಯಿತು. ನಾನು ಕೇಳುತ್ತಿರುವುದೂ ಅಷ್ಟೇ.

ಸ್ಕ್ರೂ ಬಿಚ್ಚಿ ಹೊಸ ಪೇಸ್ಟ್ ಹಾಕಿಕೊಡುತ್ತೇನೆ ಅಂತ ಅಂಗಡಿಯವರು ಹೇಳಿದ್ದರು. ಸ್ಕ್ರೂ ಮೇಲೆ ನಿಮ್ಮ ವಾರಂಟಿ ಸ್ಟಿಕ್ಕರ್ ಇರುವುದರಿಂದ ನಾನು ಮುಟ್ಟಿಲ್ಲ. ಸದ್ಯಕ್ಕೆ ವಿದ್ಯುತ್ ಮಿತಿಯನ್ನು ಶೇಕಡಾ 80ಕ್ಕೆ ಇಳಿಸಿ ಕೆಲಸ ಮಾಡುತ್ತಿದ್ದೇನೆ. ಓವರ್‌ಕ್ಲಾಕ್‌ಗೆ ದುಡ್ಡು ಕೊಟ್ಟು ಅಂಡರ್‌ಕ್ಲಾಕ್ ಮಾಡಿಕೊಂಡು ಕೂರುವುದು ಯಾವ ನ್ಯಾಯ?

ಈ ಕಾರ್ಡ್ ತೆಗೆದುಕೊಂಡು ಬೇರೆ ಹೊಸ ಕಾರ್ಡ್ ಕೊಡಿ. ಆ ಮಾಡೆಲ್ ಇಲ್ಲದಿದ್ದರೆ 63,500 ರೂಪಾಯಿ ವಾಪಸ್ ಕೊಡಿ. ಕೊಡುವ ಕಾರ್ಡನ್ನು ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ, ಅಡ್ಡಲಾಗಿ ಹಾಕಿ, ಕನಿಷ್ಠ ಅರ್ಧ ಗಂಟೆ ಓಡಿಸಿ, ಹಾಟ್‌ಸ್ಪಾಟ್ ಅಂಕಿ ಬರೆದು ಕಳಿಸಿ. ಕೊರಿಯರ್‌ಗೆ ನಾನು ಕೊಟ್ಟ 1,180 ರೂಪಾಯಿಯನ್ನೂ ಸೇರಿಸಿ.

ಈ ಪತ್ರ ಸಿಕ್ಕಿದ 15 ದಿನದೊಳಗೆ ಉತ್ತರ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸ ಮಾಡುವ ಕಡೆಯೇ ದೂರು ಕೊಡಬಹುದು. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಅಲ್ಲಿಗೆ ಹೋಗುವ ಮನಸ್ಸು ನನಗಿಲ್ಲ. ಇದು ನಮ್ಮಿಬ್ಬರಲ್ಲೇ ಮುಗಿಯಲಿ.

ಬಿಲ್, ನಿಮ್ಮ ಸರ್ವಿಸ್ ಚೀಟಿಯ ಪ್ರತಿ, ಎರಡೂ ಕಾರ್ಡಿನ ಜಿಪಿಯು-ಝಡ್ ದಾಖಲೆ, ಕ್ಯಾಬಿನೆಟ್ ಮಲಗಿಸಿ ಮಾಡಿದ ಪರೀಕ್ಷೆಯ ವಿಡಿಯೊ ಜೊತೆಗಿಟ್ಟಿದ್ದೇನೆ. ಕಾರ್ಡಿನ ಪೆಟ್ಟಿಗೆ, ಒಳಗಿನ ಫೋಮ್ ಎಲ್ಲ ಹಾಗೇ ಇದೆ. ತೆಗೆದುಕೊಂಡು ಹೋಗಲು ಯಾವ ದಿನ ಬರುತ್ತಾರೆ ಅಂತ ತಿಳಿಸಿ, ಅಂದೇ ಪ್ಯಾಕ್ ಮಾಡಿ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ತೀರ್ಥಹಳ್ಳಿ