ದುಡಿಯುವ ಮನೆಗಳ ಊಟ: ಒಂದು ಸಲಕ್ಕೆ ಒಂದೇ ಬದಲಾವಣೆ ಸಾಕು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲಿ ಆಗಾಗ ಬರುವ ‘ವಾರದ ಆಹಾರ ಪಟ್ಟಿ’ಗಳ ಬಗ್ಗೆ ಒಂದೆರಡು ಮಾತು ಬರೆಯಬೇಕೆನಿಸಿದೆ. ಬೆಳಗ್ಗೆ ಓಟ್ಸ್, ಹನ್ನೊಂದಕ್ಕೆ ನೆನೆಸಿದ ಬಾದಾಮಿ, ಮಧ್ಯಾಹ್ನ ಕಿನೋವಾ, ಸಂಜೆ ಗ್ರೀನ್ ಟೀ, ರಾತ್ರಿ ಸೂಪಿನ ಜೊತೆಗೆ ಹಬೆಯಲ್ಲಿ ಬೇಯಿಸಿದ ತರಕಾರಿ ಎಂಬಂಥ ಈ ಪಟ್ಟಿಗಳಲ್ಲಿ ಶಾಸ್ತ್ರದ ದೃಷ್ಟಿಯಿಂದ ತಪ್ಪು ಹಿಡಿಯುವಂಥದ್ದು ಹೆಚ್ಚಿರುವುದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟು ರಾತ್ರಿ ಎಂಟರ ಸುಮಾರಿಗೆ ಮರಳುವ, ಶಾಲೆಗೆ ಹೋಗುವ ಮಕ್ಕಳೂ ಸಕ್ಕರೆ ಕಾಯಿಲೆಯ ಹಿರಿಯರೂ ಇರುವ ಮನೆಯಲ್ಲಿ ಇಂಥ ಪಟ್ಟಿ ಮೂರು ದಿನ ನಡೆದರೆ ಹೆಚ್ಚು. ನಾಲ್ಕನೆಯ ದಿನ ಮೊಬೈಲಿನಲ್ಲಿ ಬಿರಿಯಾನಿ ತರಿಸಿಕೊಳ್ಳುತ್ತಾರೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ‘ಇದೆಲ್ಲ ನಮ್ಮಂಥವರ ಕೈಲಾಗುವುದಲ್ಲ’ ಎಂಬ ತೀರ್ಮಾನಕ್ಕೂ ಅವರು ಅಂದೇ ಬಂದುಬಿಡುತ್ತಾರೆ.

ಮೈಸೂರಿನ ಕಾಲೇಜೊಂದರಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತಳಾಗಿರುವ ನಾನು ಈಗ ಬೆಂಗಳೂರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ವಾಸವಾಗಿದ್ದೇನೆ. (ಅತ್ತೆ ಕೊಡುವ ಆಹಾರ ಸಲಹೆಗೆ ಮನೆಯಲ್ಲಿ ಎಷ್ಟು ಬೆಲೆಯೆಂಬುದು ಓದುಗರಿಗೆ ತಿಳಿದದ್ದೇ, ಪತ್ರಿಕೆಗೆ ಬರೆಯುವುದಕ್ಕೆ ಅದೂ ಒಂದು ಕಾರಣ.) ನಮ್ಮ ಮನೆ, ನೆರೆಹೊರೆ, ನೆಂಟರ ಮನೆಗಳನ್ನು ನೋಡಿದಾಗ ನನಗೆ ಅನ್ನಿಸುವುದೇನೆಂದರೆ, ಇವರ ಊಟ ಕೆಟ್ಟಿರುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಸೊಪ್ಪು ಒಳ್ಳೆಯದು, ಬೇಕರಿ ತಿಂಡಿ ಕೆಟ್ಟದ್ದು ಎಂದು ಎರಡನೆಯ ತರಗತಿಯ ಮಗುವೂ ಹೇಳುತ್ತದೆ. ಇಡೀ ದಿನದ ವೇಳಾಪಟ್ಟಿಯೇ ಬೇರೆಯಾಗಿರುವಾಗ ಊಟ ಮಾತ್ರ ಹಳೆಯ ಹಾದಿಯಲ್ಲಿ ನಡೆಯಲಿ ಎಂದರೆ ಹೇಗೆ? ಆದ್ದರಿಂದ ಬದಲಾವಣೆಯನ್ನು ಆ ವೇಳಾಪಟ್ಟಿಯೊಳಗೇ ಕೂರುವಂತೆ, ಒಂದೊಂದಾಗಿ, ಮೊದಲನೆಯದು ರೂಢಿಯಾದ ಮೇಲೆ ಎರಡನೆಯದನ್ನು ಎಂಬಂತೆ ತರಬೇಕೆಂಬುದು ನನ್ನ ವಾದ.

ಗುರಿ ದೂರದ್ದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರ ಮೇ ತಿಂಗಳಿನಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದೇಶದ ಒಟ್ಟು ರೋಗಭಾರದ ಶೇ 56.4ರಷ್ಟಕ್ಕೆ ಸರಿಯಿಲ್ಲದ ಆಹಾರವೇ ಕಾರಣವೆಂದು ಅಂದಾಜಿಸಿದೆ. 2000 ಕಿಲೊ ಕ್ಯಾಲೊರಿಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ ಮಾಂಸ, 300 ಮಿಲಿಲೀಟರ್ ಹಾಲು ಅಥವಾ ಮೊಸರು ಎಂದು ಅದು ತಟ್ಟೆಯನ್ನು ಹಂಚುತ್ತದೆ. ನಾಲ್ವರು ದೊಡ್ಡವರಿರುವ ಮನೆಗೆ ತರಕಾರಿಯೊಂದೇ ದಿನಕ್ಕೆ 1.6 ಕಿಲೊ ಆಯಿತು. ಅರ್ಧ ಕಿಲೊ ಬೀನ್ಸ್ ತಂದು ಅದರಲ್ಲೇ ಪಲ್ಯವನ್ನೂ ಹುಳಿಯನ್ನೂ ಮುಗಿಸುವ ಮನೆಯವರಿಗೆ ಈ ಅಂಕಿಯನ್ನು ತೋರಿಸಿದರೆ ನಕ್ಕು ಸುಮ್ಮನಾಗುತ್ತಾರೆ. ಅರ್ಧ ಕಿಲೊ ಮುಕ್ಕಾಲು ಕಿಲೊ ಆಗಲಿ ಎಂದರೆ ನಗುವುದಿಲ್ಲ, ಏಕೆಂದರೆ ಅದು ಸಂಜೆ ತರಕಾರಿ ಅಂಗಡಿಯ ಮುಂದೆ ನಿಂತು ಮಾಡಬಹುದಾದ ಕೆಲಸ.

ಮೊದಲ ಬದಲಾವಣೆ ಎಲ್ಲಿಂದ ಎಂದು ಕೇಳಿದರೆ ಬಹುತೇಕರು ರಾತ್ರಿಯ ಊಟವನ್ನೋ ಬೆಳಗಿನ ತಿಂಡಿಯನ್ನೋ ಹೆಸರಿಸುತ್ತಾರೆ. ನಾನು ಸಂಜೆ ನಾಲ್ಕರಿಂದ ಎಂಟರವರೆಗಿನ ಹೊತ್ತನ್ನು ಹೆಸರಿಸುತ್ತೇನೆ. ಮಕ್ಕಳು ಶಾಲೆಯಿಂದ ಹಸಿದು ಬರುತ್ತವೆ, ದೊಡ್ಡವರು ಇನ್ನೂ ಕಚೇರಿಯಲ್ಲೋ ಬಸ್ಸಿನಲ್ಲೋ ಇರುತ್ತಾರೆ. ಖಾರ ಬನ್, ಪಫ್ಸ್, ಬಿಸ್ಕತ್ತು, ಚಿಪ್ಸ್ ಪೊಟ್ಟಣ ಇವೆಲ್ಲ ಮನೆಯೊಳಗೆ ಬರುವುದು ಈ ಹೊತ್ತಿನಲ್ಲಿ. ಇವುಗಳಿಂದ ಹೊಟ್ಟೆ ತುಂಬಿದ ಮಗು ರಾತ್ರಿ ಪಲ್ಯವನ್ನು ಬದಿಗೆ ಸರಿಸುತ್ತದೆ, ಏನೂ ತಿನ್ನದೆ ಎಂಟಕ್ಕೆ ಮನೆ ಸೇರಿದ ದೊಡ್ಡವರು ಹಸಿವು ತಡೆಯಲಾರದೆ ಹೊರಗಿನಿಂದ ತರಿಸುತ್ತಾರೆ. ರಾತ್ರಿಯ ಊಟ ಹೀಗೆ ಸಂಜೆಯೇ ಕೆಟ್ಟಿರುತ್ತದೆ. 2023–24ರ ಕೇಂದ್ರ ಸರ್ಕಾರದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಕುಟುಂಬಗಳ ಒಟ್ಟು ಖರ್ಚಿನಲ್ಲಿ ಪಾನೀಯ, ಕುರುಕಲು ಮತ್ತು ಸಂಸ್ಕರಿತ ಆಹಾರದ ಪಾಲು ಶೇ 11ರಷ್ಟಿದೆ. ಆಹಾರದ ಬಾಬ್ತುಗಳಲ್ಲೆಲ್ಲ ದೊಡ್ಡದು ಅದೇ. ಹಾಲಿಗಿಂತ, ತರಕಾರಿಗಿಂತ ಹೆಚ್ಚು ಹಣ ಅಲ್ಲಿಗೆ ಹೋಗುತ್ತಿದೆಯೆಂದರೆ, ಬಡತನವೇ ಎಲ್ಲಕ್ಕೂ ಕಾರಣವೆಂದು ಕನಿಷ್ಠ ಮಧ್ಯಮ ವರ್ಗದವರಾದ ನಾವು ಹೇಳುವಂತಿಲ್ಲ.

ಈ ಹೊತ್ತಿಗೆ ಬೇಕಾದದ್ದು ದೊಡ್ಡ ಅಡುಗೆಯಲ್ಲ. ಬೆಳಗ್ಗೆ ಕುಕ್ಕರಿನಲ್ಲಿ ಬೇಳೆಯ ಜೊತೆಗೇ ಇನ್ನೊಂದು ಪಾತ್ರೆಯಲ್ಲಿ ಬೇಯಿಸಿಟ್ಟ ಕಡಲೆಕಾಳಿಗೆ ಸಂಜೆ ಒಗ್ಗರಣೆ ಹಾಕಿದರೆ ಉಸಲಿಯಾಯಿತು. ಬೇಯಿಸಿದ ಕಡಲೆಕಾಯಿ, ಮೊಸರವಲಕ್ಕಿ, ಈರುಳ್ಳಿ ಮತ್ತು ಕ್ಯಾರೆಟ್ ತುರಿ ಕಲಸಿದ ಚುರುಮುರಿ, ಹಾಲು ಬೆಲ್ಲದಲ್ಲಿ ಕಲಸಿದ ರಾಗಿ ಹುರಿಹಿಟ್ಟು, ಏನೂ ಇಲ್ಲದಿದ್ದರೆ ಎರಡು ಬಾಳೆಹಣ್ಣು. ಹತ್ತು ವರ್ಷ ದಾಟಿದ ಮಕ್ಕಳು ಇವುಗಳಲ್ಲಿ ಒಂದೆರಡನ್ನು ತಾವೇ ಮಾಡಿಕೊಳ್ಳಬಲ್ಲರು. ಬೇಕರಿಯ ತಿಂಡಿಯನ್ನು ನಿಷೇಧಿಸುವ ಅಗತ್ಯವೂ ಇಲ್ಲ, ನಿಷೇಧಿಸಿದ್ದಕ್ಕೆ ರುಚಿ ಹೆಚ್ಚು. ಅದು ಪ್ರತಿದಿನದ ಬದಲು ಶನಿವಾರದ್ದಾಗಲಿ. ತಂಪು ಪಾನೀಯದ ವಿಷಯದಲ್ಲಿ ಮಾತ್ರ ನಾನು ಅಷ್ಟು ಉದಾರಿಯಲ್ಲ. 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ 30 ಗ್ರಾಂ ಮೀರಿದ ಸಕ್ಕರೆಯಿರುತ್ತದೆ, ಇಡೀ ದಿನಕ್ಕೆ ಮಾರ್ಗಸೂಚಿ ಹೇಳುವ ಮಿತಿಯೋ 20ರಿಂದ 25 ಗ್ರಾಂ.

ಸಂಜೆಯ ತಿಂಡಿ ರೂಢಿಯಾದ ಮೇಲೆ ಅನ್ನದ ಮಾತಿಗೆ ಬರಬಹುದು. ನಮ್ಮ ಕಡೆಯ ಊಟದಲ್ಲಿ ಅನ್ನ ಮೂರು ಸಲ ಬರುತ್ತದೆ: ಹುಳಿಯ ಜೊತೆ ಒಮ್ಮೆ, ತಿಳಿಸಾರಿನ ಜೊತೆ ಮತ್ತೊಮ್ಮೆ, ಮಜ್ಜಿಗೆಗೋ ಮೊಸರಿಗೋ ಇನ್ನೊಮ್ಮೆ. ಪಲ್ಯ ಮತ್ತು ಕೋಸಂಬರಿ ಎಲೆಯ ತುದಿಯಲ್ಲಿ ಮೊದಲೇ ಬಡಿಸಿದ್ದರೂ ನಂಜಿಕೊಳ್ಳುವುದಕ್ಕಷ್ಟೇ ಎಂಬಂತಿರುತ್ತವೆ. ಅನ್ನ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಅನ್ನದ ಪಾತ್ರೆ ಬರುವ ಮುಂಚೆ ಒಂದು ಬಟ್ಟಲು ಪಲ್ಯ ಅಥವಾ ಕೋಸಂಬರಿಯನ್ನು ತಿಂದು ಮುಗಿಸುವುದು ಎಂಬ ಕ್ರಮವೊಂದನ್ನು ತಂದರೆ ಮೂರನೆಯ ಸಲದ ಅನ್ನ ತಾನಾಗಿಯೇ ಕಡಿಮೆಯಾಗುತ್ತದೆ. ಹುಳಿಯಲ್ಲಿ ಹೋಳು ಹೆಚ್ಚಿಸುವುದಕ್ಕೂ ಹೊಸ ಪಾಕವೇನೂ ಬೇಡ. ವಾರದಲ್ಲಿ ಎರಡು ರಾತ್ರಿ ಅನ್ನದ ಬದಲು ಮುದ್ದೆ ಮತ್ತು ಬಸ್ಸಾರು ಆದರಂತೂ ಸೊಪ್ಪು, ಕಾಳು, ರಾಗಿ ಮೂರೂ ಒಂದೇ ಸಲಕ್ಕೆ ತಟ್ಟೆಗೆ ಬಂದಂತೆ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇರುವುದಿಲ್ಲ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯದ ರಾಜಧಾನಿಯಲ್ಲಿ ಕುಳಿತು ಓಟ್ಸ್ ಪೊಟ್ಟಣವನ್ನು ದುಬಾರಿ ಬೆಲೆಗೆ ಕೊಳ್ಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಇನ್ನೂ ಉಳಿದಿರುವುದರಿಂದ ಅವರಿಗೆ ಈ ಉಪದೇಶ ಬೇಡ.

ಹೆಣ್ಣುಮಕ್ಕಳ ರಕ್ತಹೀನತೆಯ ಬಗ್ಗೆ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಕಾಫಿ, ಚಹಾಗಳು ತಡೆಯುತ್ತವೆ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿರುವ ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ. ತಿಂಡಿಯ ಜೊತೆಗೇ ಕಾಫಿ ಕುಡಿಯುವ ನಮ್ಮ ಅಭ್ಯಾಸವನ್ನು ಒಂದು ಗಂಟೆ ಹಿಂದಕ್ಕೋ ಮುಂದಕ್ಕೋ ಸರಿಸಿ, ಕೋಸಂಬರಿಗೆ ಅರ್ಧ ಹೋಳು ನಿಂಬೆ ಹಿಂಡುವುದಕ್ಕೆ ಖರ್ಚೂ ಇಲ್ಲ, ಹೆಚ್ಚಿನ ಸಮಯವೂ ಬೇಡ. ಕಾಫಿ ಬಿಡಿ ಎಂದು ನಾನು ಹೇಳುತ್ತಿಲ್ಲವೆಂಬುದನ್ನು ದಯವಿಟ್ಟು ಗಮನಿಸಬೇಕು.

ಮಕ್ಕಳ ವಿಷಯದಲ್ಲಿ ನಿಧಾನವೇ ಸರಿಯಾದ ದಾರಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಹೊಸ ತರಕಾರಿಯೊಂದನ್ನು ಮಗು ಒಪ್ಪಿಕೊಳ್ಳಬೇಕಾದರೆ ಎಂಟು ಹತ್ತು ಸಲವಾದರೂ ಅದು ತಟ್ಟೆಯ ಮೇಲೆ ಕಾಣಿಸಿಕೊಳ್ಳಬೇಕಾಗುತ್ತದೆ ಎಂಬುದು ಮಕ್ಕಳ ಆಹಾರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಎರಡು ಸಲ ಬಡಿಸಿ, ಗದರಿಸಿ, ಆಮೇಲೆ ‘ನಮ್ಮ ಹುಡುಗ ಹೀರೆಕಾಯಿ ಮುಟ್ಟುವುದಿಲ್ಲ’ ಎಂದು ನೆಂಟರೆದುರು ಸಾರಿಬಿಟ್ಟರೆ ಆ ಹುಡುಗ ಮುಂದೆಂದೂ ಮುಟ್ಟುವುದಿಲ್ಲ. ಒಂದು ಚಮಚದಷ್ಟನ್ನು ಸುಮ್ಮನೆ ಬಡಿಸಿ, ದೊಡ್ಡವರು ಎದುರಿಗೆ ಕುಳಿತು ತಿನ್ನುತ್ತಿದ್ದರೆ ಸಾಕು.

ಎಣ್ಣೆಗೆ ನಾನು ಸೂಚಿಸುವ ಉಪಾಯ ಇನ್ನೂ ಸುಲಭದ್ದು: ಹೊಸ ಪೊಟ್ಟಣ ಒಡೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡುವುದು. ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಂಬ ಲೆಕ್ಕದಲ್ಲಿ, ತುಪ್ಪ ಬೆಣ್ಣೆಯನ್ನೂ ಸೇರಿಸಿ, ನಾಲ್ವರಿಗೆ ತಿಂಗಳಿಗೆ ಮೂರೂವರೆ ಲೀಟರು ಸಾಕು. ತಿಂಗಳಿಗೆ ಐದು ಲೀಟರು ಮುಗಿಯುತ್ತಿದ್ದರೆ ನಾಲ್ಕೂವರೆಗೆ ಇಳಿಸುವುದು ಮುಂದಿನ ತಿಂಗಳ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ತೊಡಕು ಉಳಿದೇ ಇರುತ್ತದೆ, ಮತ್ತು ಆಹಾರ ಪಟ್ಟಿಗಳು ಅದರ ಬಗ್ಗೆ ಎಂದೂ ಬಾಯಿಬಿಡುವುದಿಲ್ಲ. ಸೊಪ್ಪು ಬಿಡಿಸುವವರು ಯಾರು? ಕಾಳು ನೆನೆಸುವುದನ್ನು ರಾತ್ರಿ ನೆನಪಿಟ್ಟುಕೊಳ್ಳುವವರು ಯಾರು? ಎರಡು ಕಟ್ಟು ಸಬ್ಬಸಿಗೆಯನ್ನೋ ಮೆಂತ್ಯವನ್ನೋ ಬಿಡಿಸಿ, ತೊಳೆದು, ಹೆಚ್ಚುವುದಕ್ಕೆ ಹಿಡಿಯುವ ಸಮಯದಲ್ಲಿ ಅರ್ಧ ಅಡುಗೆಯೇ ಮುಗಿಯುತ್ತದೆ. ಪೇಟೆಯ ಮನೆಗಳಲ್ಲಿ ಸೊಪ್ಪು ಕಡಿಮೆಯಾಗಿರುವುದು ರುಚಿ ಕೆಟ್ಟಿದ್ದರಿಂದಲ್ಲ, ಈ ಕಾರಣದಿಂದ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯು ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕಳೆಯುತ್ತಾರೆಂದು ಲೆಕ್ಕ ಕೊಟ್ಟಿದೆ. ಮನೆಯ ಊಟ ಸುಧಾರಿಸಬೇಕೆಂದು ನಿರ್ಧರಿಸುವವರು ಎಲ್ಲರೂ, ಆ ಸುಧಾರಣೆಯ ದುಡಿಮೆ ಬೀಳುವುದು ಈಗಾಗಲೇ ಐದು ಗಂಟೆ ದುಡಿಯುವವಳ ಮೇಲೆ ಎಂದಾದರೆ, ಆ ನಿರ್ಧಾರ ತಿಂಗಳು ದಾಟುವುದಿಲ್ಲ, ದಾಟಲೂ ಬಾರದು ಎಂಬಷ್ಟು ಕಟುವಾಗಿ ನಾನು ಹೇಳಬಯಸುತ್ತೇನೆ. ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ಸೊಪ್ಪು ಬಿಡಿಸುವ ಕೆಲಸವನ್ನು ಮಗ ಮತ್ತು ಮೊಮ್ಮಗನಿಗೆ ವಹಿಸಲಾಗಿದೆ. ಕಾಳು ನೆನೆಸುವುದು ನನ್ನ ಪಾಲಿನದು. ಅವರು ಬಿಡಿಸುವಾಗ ಒಳ್ಳೆಯ ಎಲೆಗಳೂ ಒಂದಿಷ್ಟು ಕಸಕ್ಕೆ ಹೋಗುತ್ತವೆ ಎಂಬ ಬಗ್ಗೆ ಸದ್ಯಕ್ಕೆ ನಾನು ಮೌನವಾಗಿದ್ದೇನೆ.

ಮಾರುಕಟ್ಟೆಯೂ ಇಲ್ಲಿ ಸ್ವಲ್ಪ ಸಹಾಯ ಮಾಡಬಹುದು. ಅವರೆಕಾಯಿಯ ಕಾಲ ಬಂದರೆ ಬೆಂಗಳೂರಿನ ರಸ್ತೆಬದಿಯಲ್ಲಿ ಹೆಂಗಸರು ಕಾಯಿ ಸುಲಿದು, ಹಿತಕಿದ ಬೇಳೆಯನ್ನು ಅಳೆದು ಮಾರುತ್ತಾರೆ. ಬೆಲೆ ಹೆಚ್ಚಾದರೂ ದುಡಿಯುವ ಮನೆಗಳವರು ಮುಗಿಬಿದ್ದು ಕೊಳ್ಳುತ್ತಾರೆ. ಇದೇ ರೀತಿ ಬಿಡಿಸಿದ ಸೊಪ್ಪು, ಮೊಳಕೆ ಬರಿಸಿದ ಕಾಳು, ಹೆಚ್ಚಿದ ಹುಳಿಯ ಹೋಳುಗಳನ್ನು ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಸ್ತ್ರೀಶಕ್ತಿ ಗುಂಪುಗಳ ಮೂಲಕ ಸಂಜೆಯ ಹೊತ್ತಿಗೆ ದೊರಕಿಸಿದರೆ ಗುಂಪಿನವರಿಗೂ ಸಂಪಾದನೆ, ಕೊಳ್ಳುವವರಿಗೂ ಅನುಕೂಲ.

ಕೊನೆಯದಾಗಿ ತಮ್ಮ ಪತ್ರಿಕೆಗೊಂದು ಕೋರಿಕೆ. ಏಳು ದಿನಗಳ ಪಟ್ಟಿಯ ಬದಲು ವಾರಕ್ಕೆ ಒಂದೇ ಬದಲಾವಣೆಯನ್ನು ಪ್ರಕಟಿಸಿ. ಅದಕ್ಕೆ ಹಿಡಿಯುವ ಒಟ್ಟು ಸಮಯವನ್ನು, ಅಂದರೆ ಬಿಡಿಸುವ, ನೆನೆಸುವ, ಪಾತ್ರೆ ತೊಳೆಯುವ ಸಮಯವನ್ನೂ ಸೇರಿಸಿ, ಪ್ರಾಮಾಣಿಕವಾಗಿ ತಿಳಿಸಿ. ಆಯಾ ತಿಂಗಳಲ್ಲಿ ಅಗ್ಗವಾಗಿ ಸಿಗುವ ತರಕಾರಿಯನ್ನೇ ಆರಿಸಿ. ಅದರಲ್ಲಿ ಮನೆಯ ಗಂಡಸರು ಮತ್ತು ಮಕ್ಕಳು ಮಾಡಬಹುದಾದ ಕೆಲಸ ಯಾವುದೆಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಬಸ್ಸಾರು, ಉಪ್ಸಾರು, ತಂಬುಳಿ, ಮಸ್ಸೊಪ್ಪುಗಳನ್ನು ಕುಕ್ಕರಿನಲ್ಲಿ ಬೇಗ ಮುಗಿಸುವ ಕ್ರಮಗಳು ತಮ್ಮ ಓದುಗರ ಮನೆಗಳಲ್ಲೇ ಬೇಕಾದಷ್ಟಿವೆ. ಕೇಳಿದರೆ ಬರೆದು ಕಳುಹಿಸುವವರಲ್ಲಿ ನಾನೂ ಒಬ್ಬಳು.

ಇತಿ ತಮ್ಮ ವಿಶ್ವಾಸಿ,
ಗೃಹವಿಜ್ಞಾನದ ನಿವೃತ್ತ ಅಧ್ಯಾಪಕಿ, ಬೆಂಗಳೂರು