ಶಾಲು ಹೊದಿಸಿದ್ದು ಸರಿ, ಹಾಜರಿ ಪುಸ್ತಕದ ಕಥೆ ಏನು?

ಸಂಪಾದಕರಿಗೆ,

ಮಾನ್ಯರೇ,

ಹೋದ ತಿಂಗಳು ಮೈಸೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿ ಸಮ್ಮೇಳನ ನಡೆಯಿತು. ಲಿಂಗತ್ವ ಅಲ್ಪಸಂಖ್ಯಾತರ ಬದುಕಿನ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ನಾನು ಮಂಡ್ಯ ಕಡೆಯವನು, ಟ್ರಾನ್ಸ್ ಪುರುಷ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರು, ನಾನು ಗಂಡಸು. ಇಷ್ಟೇ ವಿಷಯ. ಹೊಟ್ಟೆಪಾಡಿಗೆ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ.

ಗೇಟಿನ ಹತ್ತಿರ ಹೂವು ಹಿಡಿದು ನಿಂತಿದ್ದ ಹುಡುಗಿ ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕುತ್ತಾ, ‘ಸಾರ್, ಮಂಗಳಮುಖಿ ಮೇಡಂ ಬರಲಿಲ್ವಾ?’ ಅಂದಳು. ‘ನೀವು ಕರೆದಿದ್ದು ನನ್ನನ್ನೇ ಕಣಮ್ಮ’ ಅಂದೆ. ಫೋನಿನಲ್ಲಿ ಮಾತಾಡಿದ್ದ ಮೇಷ್ಟ್ರು ಅವಳಿಗೆ ಹೇಳಿರಲಿಲ್ಲ ಅಂತ ಕಾಣುತ್ತದೆ. ವೇದಿಕೆ ಹತ್ತಿರ ಹೋದರೆ ತಟ್ಟೆಯಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ರೆಡಿ ಇತ್ತು. ಗುಸುಗುಸು ಆಯಿತು, ತಟ್ಟೆ ಒಳಗೆ ಹೋಯಿತು. ಇನ್ಯಾರೋ ಅತಿಥಿಗೆ ಅಂತ ತಂದಿಟ್ಟಿದ್ದ ಮೈಸೂರು ಪೇಟ ನನ್ನ ತಲೆಗೆ ಬಂತು. ಸ್ವಲ್ಪ ದೊಡ್ಡದು. ಹುಬ್ಬಿನವರೆಗೂ ಇಳಿಯುತ್ತಿತ್ತು.

ಮಕ್ಕಳದು ತಪ್ಪಿಲ್ಲ. ಟ್ರಾನ್ಸ್‌ಜೆಂಡರ್ ಅಂದರೆ ನಮ್ಮ ಜನರ ಕಣ್ಣಿಗೆ ಬರುವುದು ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವವರು. ಇಲ್ಲ ಅಂದರೆ ಮಂಜಮ್ಮ ಜೋಗತಿಯವರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಅವರು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ. ನನ್ನಂಥವರು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಲೆಕ್ಕಕ್ಕೆ ಅದು ಅನುಕೂಲವೇ.

ಬಸ್ ಅಂದಾಗ ನೆನಪಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಹೆಂಗಸರ ಜೊತೆ ನಮಗೂ ಉಚಿತ ಪ್ರಯಾಣ ಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಆ ಟಿಕೆಟ್ ಬೇಕಾದರೆ ತುಂಬಿದ ಬಸ್ಸಿನಲ್ಲಿ ಗುರುತಿನ ಚೀಟಿ ತೆಗೆದು ತೋರಿಸಬೇಕು. ಕಂಡಕ್ಟರ್ ಚೀಟಿ ನೋಡಿ, ನನ್ನ ಗಡ್ಡ ನೋಡಿ, ಮತ್ತೆ ಚೀಟಿ ನೋಡುತ್ತಾರೆ. ಅಷ್ಟರಲ್ಲಿ ಅರ್ಧ ಬಸ್ಸು ನನ್ನ ಕಡೆ ತಿರುಗಿರುತ್ತದೆ. ನಾನು ಸುಮ್ನೆ ದುಡ್ಡು ಕೊಟ್ಟು ‘ಒಂದು ಮೈಸೂರು’ ಅನ್ನುತ್ತೇನೆ. ಸಮ್ಮೇಳನಕ್ಕೂ ಹಾಗೇ ಹೋದೆ.

ನಾಲ್ಕು ಹಾಳೆ ಭಾಷಣ ಬರೆದುಕೊಂಡು ಹೋಗಿದ್ದೆ. ಒಂದೂ ಓದಲಿಲ್ಲ. ಅವ್ವನ ವಿಷಯ ಹೇಳಿದೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ‘ಬಾರಮ್ಮಿ’ ಅಂತ ಕರೆಯುತ್ತಾರೆ, ಗಂಡುಮಕ್ಕಳನ್ನು ‘ಬಾರ್ಲಾ’ ಅಂತ. ಇಪ್ಪತ್ತೆರಡು ವರ್ಷ ನಾನು ಅಮ್ಮಿ ಆಗಿದ್ದೆ. ಕೂದಲು ಕತ್ತರಿಸಿಕೊಂಡು ಊರು ಬಿಟ್ಟ ಮೇಲೆ ಎರಡು ವರ್ಷ ಅವ್ವನ ಬಾಯಲ್ಲಿ ಅಮ್ಮಿಯೂ ಇಲ್ಲ, ಲಾ ಅನ್ನುವುದೂ ಇಲ್ಲ. ಫೋನ್ ಮಾಡಿದರೆ ‘ಊಟ ಆಯ್ತಾ’ ಅಷ್ಟೇ. ಒಂದು ದಿನ ಗದ್ದೆಗೆ ನೀರು ಕಟ್ಟುವ ಗಡಿಬಿಡಿಯಲ್ಲಿ ಫೋನ್ ಎತ್ತಿ, ‘ನಾಲೇಲಿ ನೀರು ಬಿಟ್ಟವ್ರೆ ಕಣ್ಲಾ, ಆಮೇಲ್ ಮಾಡು’ ಅಂದು ಇಟ್ಟುಬಿಟ್ಟಳು. ತಾನು ಏನಂದೆ ಅಂತ ಅವಳಿಗೆ ಗೊತ್ತಾಯಿತೋ ಇಲ್ಲವೋ. ನಾನು ಮಾತ್ರ ಅಂಗಡಿ ಹಿಂದೆ ಹೋಗಿ ತುಂಬಾ ಹೊತ್ತು ನಿಂತಿದ್ದೆ.

ಇದನ್ನು ಕೇಳಿ ಮದ್ದೂರು, ಪಾಂಡವಪುರ ಕಡೆಯ ಹುಡುಗರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಬೆಂಗಳೂರಿನ ಮಕ್ಕಳಿಗೆ ಪಕ್ಕದವರು ಅರ್ಥ ಹೇಳಿಕೊಡಬೇಕಾಯಿತು.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳಿಸಿ ಅಂದರು. ಹದಿನಾಲ್ಕು ಚೀಟಿ ಬಂತು. ಒಂಬತ್ತರಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಆಪರೇಷನ್ ಆಗಿದೆಯಾ? (ಒಂಬತ್ತು ಅನ್ನುವುದು ನಮ್ಮನ್ನು ಆಡಿಕೊಳ್ಳುವ ಅಂಕಿ. ಎಣಿಸಿದಾಗ ನನಗೇ ನಗು ಬಂತು.) ಬೇರೆ ಅತಿಥಿಗಳಿಗೆ ಯಾರೂ ಬಟ್ಟೆ ಒಳಗಿನ ವಿಷಯ ಕೇಳುವುದಿಲ್ಲ ಅಲ್ವಾ? ನಾನು ಉತ್ತರ ಕೊಡಲಿಲ್ಲ. ಬದಲಿಗೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಗ್ಗೆ ಹೇಳಿದೆ. ತಾನು ಗಂಡೋ ಹೆಣ್ಣೋ ಮೂರನೆಯದೋ ಅಂತ ಹೇಳುವ ಹಕ್ಕು ಆಯಾ ಮನುಷ್ಯನದು, ಅದಕ್ಕೆ ಆಪರೇಷನ್ ಆಗಿರಲೇಬೇಕು ಅಂತ ಪಟ್ಟು ಹಿಡಿಯುವುದು ಕಾನೂನಿಗೆ ವಿರುದ್ಧ ಅಂತ ಆ ತೀರ್ಪಿನಲ್ಲೇ ಇದೆ.

ಒಂದು ಚೀಟಿ ಮಾತ್ರ ಚೆನ್ನಾಗಿತ್ತು. ‘ನಿಮಗೆ ಸರ್ಕಾರಿ ಕೆಲಸ ಸಿಗುತ್ತಾ?’ ಸಿಗಬೇಕು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ 1ರಷ್ಟು ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಆದರೆ ನನ್ನ ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. 2019ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಗುರುತಿನ ಪತ್ರ ನನ್ನ ಹತ್ತಿರ ಇದೆ. ಅದನ್ನು ಹಿಡಿದು ಒಂದು ಕಚೇರಿಯಲ್ಲಿ ನಾಲ್ಕು ಮೇಜು ಸುತ್ತಿದೆ. ನಾಲ್ಕನೆಯವರು ಮಾರ್ಕ್ಸ್ ಕಾರ್ಡಿನ ಹೆಸರು ಓದಿ, ‘ನೀವು ಬಂದರೆ ಆಗಲ್ಲಪ್ಪ, ನಿಮ್ಮ ಅಕ್ಕನೇ ಬರಬೇಕು’ ಅಂದರು.

ಅದಕ್ಕೇ ನಮ್ಮನ್ನು ಕರೆಯುವ ಕಾಲೇಜುಗಳಿಗೆ ಒಂದು ಮಾತು. ಶಾಲು, ಹಣ್ಣಿನ ಬುಟ್ಟಿ ಇರಲಿ, ಸಂತೋಷ. ಆದರೆ ಕರೆಯುವ ಮೊದಲು ನಿಮ್ಮದೇ ಹಾಜರಿ ಪುಸ್ತಕ ತೆಗೆದು ನೋಡಿ. ಬೇಡದ ಹೆಸರು ಕೂಗಿದಾಗ ತಲೆ ಬಗ್ಗಿಸಿ ‘ಎಸ್ ಸಾರ್’ ಅನ್ನುವ ಮಗು ಕೊನೆ ಬೆಂಚಿನಲ್ಲಿ ಇರಬಹುದು. ಮಾರ್ಕ್ಸ್ ಕಾರ್ಡ್ ತಿದ್ದುವುದು ನಿಮ್ಮ ಕೈಲಿಲ್ಲ, ಒಪ್ಪುತ್ತೇನೆ. ಕ್ಲಾಸಿನಲ್ಲಿ ಕೂಗುವ ಹೆಸರು ತಿದ್ದಲು ಪೆನ್ಸಿಲ್ ಸಾಕು. ಇನ್ನು ಟಾಯ್ಲೆಟ್. ಯಾವ ಬಾಗಿಲಿಗೆ ಹೋದರೆ ಏನು ರಗಳೆಯೋ ಅಂತ ಅವತ್ತು ನಾನು ಬೆಳಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಒಂದು ಗಂಟೆ ಮಾತಾಡಲು ಹೋದವನ ಪಾಡು ಇದು. ಅಲ್ಲೇ ಮೂರು ವರ್ಷ ಓದುವವರು ಏನು ಮಾಡುತ್ತಾರೆ?

ಊಟ ಆದ ಮೇಲೆ ಕೈ ತೊಳೆಯುವ ನಲ್ಲಿ ಹತ್ತಿರ ಒಂದು ಮಗು ಬಂತು. ‘ಸಾರ್, ನನ್ನ ಫ್ರೆಂಡ್ ಒಬ್ಬರಿಗೆ ಬೇಕಿತ್ತು. ಆ ಗುರುತಿನ ಪತ್ರಕ್ಕೆ ಎಲ್ಲಿ ಅರ್ಜಿ ಹಾಕೋದು?’ ಆನ್‌ಲೈನ್‌ನಲ್ಲೇ ಹಾಕಬಹುದು ಅಂದೆ. ಫ್ರೆಂಡಿಗೆ ಕೊಡು ಅಂತ ನನ್ನ ನಂಬರ್ ಬರೆದುಕೊಟ್ಟೆ. ಚೀಟಿಯನ್ನು ಮಡಚಿ ಮಡಚಿ ಮಾತ್ರೆಯಷ್ಟು ಸಣ್ಣದು ಮಾಡಿ ಮೊಬೈಲ್ ಕವರ್ ಒಳಗೆ ಇಟ್ಟುಕೊಂಡಿತು. ಫೋನ್ ಇನ್ನೂ ಬಂದಿಲ್ಲ.

ತುಂಬಿದ ಸಭೆಯಲ್ಲಿ ಹೆಸರು ಹೇಳಿದವನು ಪತ್ರಿಕೆಯಲ್ಲಿ ಯಾಕೆ ಮುಚ್ಚಿಡುತ್ತಾನೆ ಅಂತ ನೀವು ಕೇಳಬಹುದು. ಊರಿನಲ್ಲಿ ತಂಗಿಗೆ ಗಂಡು ನೋಡುತ್ತಿದ್ದಾರೆ. ಮದುವೆ ಗೊತ್ತಾದರೆ ಲಗ್ನಪತ್ರಿಕೆ ಟೈಪ್ ಮಾಡುವವನು ನಾನೇ. ಅದರಲ್ಲಿ ಅಣ್ಣ ಅಂತ ನನ್ನ ಹೆಸರು ಹಾಕಲಾ ಅಂತ ಅವ್ವನನ್ನು ಇನ್ನೂ ಕೇಳಿಲ್ಲ. ಅಲ್ಲಿಯವರೆಗೆ ದಯವಿಟ್ಟು ಹೆಸರು ಬೇಡ.

– ಒಬ್ಬ ಓದುಗ, ಮಂಡ್ಯ